ಕೂರಿಗೆ, ಡ್ರಮ್ ಸೀಡರ್, ನಾಟಿ: ಮೂರು ತಾಕಿನಲ್ಲಿ ಕಂಡಿದ್ದು

ಒಂದೇ ಹಂಗಾಮು, ಒಂದೇ ಭತ್ತದ ತಳಿ, ಅಕ್ಕಪಕ್ಕದ ಮೂರು ತಾಕು. ಒಂದರಲ್ಲಿ ಒಣ ಮಣ್ಣಿಗೆ ಕೂರಿಗೆ ಬಿತ್ತನೆ, ಇನ್ನೊಂದರಲ್ಲಿ ಕೆಸರು ಮಾಡಿ ಡ್ರಮ್ ಸೀಡರ್ (ಎಳೆದಂತೆ ತೂತಿನಿಂದ ಮೊಳಕೆ ಬೀಜ ಸಾಲಾಗಿ ಬೀಳಿಸುವ ಡ್ರಮ್), ಮೂರನೆಯದರಲ್ಲಿ ಹಳೇ ನಾಟಿ.

ನಾಟಿ ಎಲ್ಲರಿಗೂ ಗೊತ್ತಿರೋದೇ. ಎಕರೆಗೆ 25 ಕೆಜಿ ಬೀಜ, ಸಸಿಮಡಿ, ಆಮೇಲೆ ಆಳಿಗೆ ಕಾಯೋದು. ಈ ಸಲ ಆಳು ಸಿಗುವಷ್ಟರಲ್ಲಿ ಸಸಿಗೆ 35 ದಿನ ಆಗಿತ್ತು. ಬಲಿತ ಸಸಿ, ತೆಂಡೆ (ಬುಡದಿಂದ ಬರುವ ಮರಿ ಕಾಂಡ) ಕಡಿಮೆ ಒಡೆಯಿತು.

ಡ್ರಮ್ ಸೀಡರಿಗೆ ಬೀಜವನ್ನು ಒಂದು ದಿನ ನೆನೆಸಿ, ಇನ್ನೊಂದು ದಿನ ಒದ್ದೆ ಗೋಣಿಚೀಲದಲ್ಲಿ ಕಟ್ಟಿಡಬೇಕು. ಮೊಳಕೆ ಬಿಳಿ ಚುಕ್ಕೆಯಷ್ಟು ಕಂಡರೆ ಸಾಕು. ನಾನು ಅರ್ಧ ದಿನ ಜಾಸ್ತಿ ಬಿಟ್ಟೆ. ಬೇರು ಒಂದಕ್ಕೊಂದು ಹೆಣೆದುಕೊಂಡು ತೂತಿನಿಂದ ಬೀಜ ಬೀಳಲೇ ಇಲ್ಲ. ಸುಮ್ನೆ ಕೆಸರಲ್ಲಿ ಡ್ರಮ್ ಎಳೆದಿದ್ದೇ ಬಂತು! ಬೇರೆ ಬೀಜ ಮೊಳಕೆ ಕಟ್ಟಿ, ಡ್ರಮ್ಮಿನ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ ಎಳೆದಾಗ 20 ಸೆಂ.ಮೀ. ಅಂತರದ ಸಾಲು ಚೆನ್ನಾಗಿ ಬಿತ್ತು. ಹಲಗೆ ಹೊಡೆದು ಸರಿಯಾಗಿ ಸಮ ಮಾಡದ ತಗ್ಗಿನ ಮೂಲೆಯಲ್ಲಿ ಮಾತ್ರ ನೀರು ನಿಂತು ಬೀಜ ಕೊಳೆಯಿತು.

ಕೂರಿಗೆಯಲ್ಲಿ ಕೆಸರು ಉಳುಮೆಯೇ ಇಲ್ಲ. ಎಕರೆಗೆ 10 ಕೆಜಿ ಬೀಜ, 2-3 ಸೆಂ.ಮೀ. ಆಳ. ಅರ್ಧ ದಿನದಲ್ಲಿ ಬಿತ್ತನೆ ಮುಗಿಯಿತು. ಉಳಿಸಿದ ದುಡಿಮೆಯನ್ನೆಲ್ಲ ಕಳೆ ವಸೂಲಿ ಮಾಡಿತು. ನಾಟಿ ಗದ್ದೆಯಲ್ಲಿ ನಿಂತ ನೀರೇ ಕಳೆಯನ್ನು ತಡೆಯುತ್ತದೆ. ಇಲ್ಲಿ ಭತ್ತ, ಹುಲ್ಲು ಎರಡೂ ಒಟ್ಟಿಗೇ ಹುಟ್ಟುತ್ತವೆ. ಬಿತ್ತಿದ ಎರಡನೇ ದಿನ ಪೆಂಡಿಮೆಥಾಲಿನ್ ಅನ್ನೋ ಕಳೆನಾಶಕ ಹೊಡೆದೆ. ಮಣ್ಣು ತೇವ ಇದ್ದ ಕಡೆ ಕೆಲಸ ಮಾಡಿತು, ಒಣಗಿದ್ದ ಕಡೆ ಹೊಡೆದಿದ್ದು ದಂಡ. ಅಲ್ಲಿ ಕೂತು ಕೈಯಲ್ಲೇ ಕಿತ್ತೆ. ಎಳೆಯದರಲ್ಲಿ ಕಾಡುಸಾಮೆಯಂಥ ಹುಲ್ಲು ಥೇಟ್ ಭತ್ತದ ಹಾಗೇ ಇರುತ್ತೆ, ಅಲ್ವಾ? ಎಲೆ ಕಾಂಡಕ್ಕೆ ಕೂಡುವ ಜಾಗ ಬಿಡಿಸಿ ನೋಡಿ. ಭತ್ತಕ್ಕೆ ಅಲ್ಲಿ ತೆಳ್ಳನೆಯ ಬಿಳಿ ಪೊರೆ ಇರುತ್ತದೆ, ಆ ಹುಲ್ಲಿಗೆ ಇರೋದಿಲ್ಲ.

ತಿಂಗಳೊಳಗೆ ಈ ಕೂರಿಗೆ ತಾಕಿನಲ್ಲಿ ಹೊಸ ಎಲೆಗಳು ಹಳದಿಗೆ ತಿರುಗಿದವು. ಯೂರಿಯಾ ಹಾಕಲು ಹೊರಟಿದ್ದೆ. ಆದರೆ ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗೋದು ಹಳೇ ಎಲೆ. ಇದು ಕಬ್ಬಿಣದ ಕೊರತೆ, ನೀರು ನಿಲ್ಲದ ಭತ್ತಕ್ಕೆ ಬರುವಂಥದ್ದು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕಲಸಿ, ವಾರ ಬಿಟ್ಟು ಎರಡು ಸಲ ಸಿಂಪಡಿಸಿದ ಮೇಲೆ ಹಸಿರಾಯಿತು.

ಬಿತ್ತಿದ ಎರಡೂ ತಾಕು ನಾಟಿಗಿಂತ ವಾರ ಮೊದಲೇ ಕೊಯ್ಲಿಗೆ ಬಂದವು. ಡ್ರಮ್ ಸೀಡರಿನ ಇಳುವರಿ ನಾಟಿಗೆ ಸಮ, ಕೂರಿಗೆಯದು ಸ್ವಲ್ಪ ಕಡಿಮೆ. ಆದರೂ ಖರ್ಚು ಕಳೆದರೆ ಕೂರಿಗೆ ತಾಕೇ ಕೈಗೆ ಜಾಸ್ತಿ ಉಳಿಸಿತು. ಮುಂದಿನ ಸಲ ಮೇಲಿನ ತಾಕುಗಳಿಗೆಲ್ಲ ಕೂರಿಗೆ. ಮಳೆ ಬಂದರೆ ನೀರು ಇಳಿಯದ ಕೆಳಗಿನ ತಾಕಿಗೆ ಮಾತ್ರ ನಾಟಿನೇ.