ಐರಿಸ್ ಗೆಡ್ಡೆ ಅಂತ ಬಜೆ ಕಳಿಸ್ತಿದ್ದಾರೆ, ಕರಾವಳಿಯವರು ಹುಷಾರು

ಪೂರ್ತಿ ಓದುವ ತಾಳ್ಮೆ ಇಲ್ಲದವರಿಗೆ ಮೊದಲೇ ಹೇಳಿಬಿಡ್ತೇನೆ. ಇನ್‌ಸ್ಟಾಗ್ರಾಮಿನಲ್ಲೋ ಗಿಡದ ವಾಟ್ಸಪ್ ಗ್ರೂಪಿನಲ್ಲೋ “ಡ್ವಾರ್ಫ್ ಬಿಯರ್ಡೆಡ್ ಐರಿಸ್, ಬಿಸಿಲಿಗೆ ಬೆಸ್ಟ್, ನೀರೇ ಬೇಡ” ಅಂತ (ಎಸಳಿನ ಮೇಲೆ ಗಡ್ಡದ ಹಾಗೆ ರೋಮ ಇರುವ, ಗಿಡ್ಡ ಜಾತಿಯ ವಿದೇಶಿ ಹೂವಿನ ಗಿಡ) ಯಾರಾದರೂ ಗೆಡ್ಡೆ ಮಾರ್ತಾ ಇದ್ದರೆ ತಗೊಳ್ಬೇಡಿ. ಉಡುಪಿ, ಮಂಗಳೂರು, ಕುಂದಾಪುರದವರಂತೂ ತಗೊಳ್ಳಲೇಬೇಡಿ. 1,600 ರೂಪಾಯಿ ಕೊಟ್ಟ ನನಗೆ ಬಂದದ್ದು ಬಜೆ. ಹೌದು ಮಾರಾಯ್ರೆ, ಕಲ್ಲಿಗೆ ತೇದು ಶಿಶುವಿನ ನಾಲಿಗೆಗೆ ಮುಟ್ಟಿಸ್ತಾರಲ್ಲ, ಅದೇ ಬಜೆ!

ನಮ್ಮ ಮನೆ ಉಡುಪಿ ಹತ್ತಿರದ ಪರ್ಕಳದಲ್ಲಿ, ಬಂಡೆಗಲ್ಲಿನ ಪಾದೆಯ ಮೇಲೆ. ಅಂಗಳದ ಪಡುಬದಿಯಲ್ಲಿ ಮುರಕಲ್ಲಿನ ಮೇಲೆ ಒಂದು ಗೇಣು ಮಣ್ಣುಂಟು, ಅಷ್ಟೇ. ದೀಪಾವಳಿ ಕಳೆದರೆ ಮಳೆ ಹಿಡಿಯುವ ತನಕ ಬಿಸಿಲು ಬಡಿಯುವ ಜಾಗ. ಅಲ್ಲಿಗೆ ದಾಸವಾಳ ಬಿಟ್ಟು ಬೇರೆ ಎಂತ ಹಾಕಬಹುದು ಅಂತ ಗ್ರೂಪಿನಲ್ಲಿ ಕೇಳಿದ್ದೆ. ಗ್ರೂಪಿನಲ್ಲಿ ಯಾರೂ ಉತ್ತರ ಕೊಡುವ ಮೊದಲೇ ಈ ಗೆಡ್ಡೆ ಮಾರುವವನು ಪರ್ಸನಲ್ಲಿಗೆ ಬಂದ. ಕನ್ನಡದವನೇ. ಮಾತು ಬೆಣ್ಣೆ.

“ಅಕ್ಕ, ನಿಮ್ಮ ಜಾಗ ಐರಿಸ್‌ಗೆ ಹೇಳಿ ಮಾಡಿಸಿದ್ದು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ನೀರು ನಿಲ್ಲಬಾರದು. ಗೆಡ್ಡೆಯ ಬೆನ್ನು ಮಣ್ಣಿನ ಮೇಲೆ ಕಾಣ್ತಿರಬೇಕು, ಪೂರ್ತಿ ಹೂಳಬೇಡಿ. ಒಂದಡಿ ಎತ್ತರದ ಗಿಡ, ಅಂಗಳದ ಅಂಚಿಗೆ ಚಂದ.”

ನಮ್ಮ ಜಾಗದ ಮಾತೊಂದು ಬಿಟ್ಟರೆ ಇದರಲ್ಲಿ ಒಂದು ಮಾತೂ ಸುಳ್ಳಲ್ಲ, ನನಗೆ ಈಗಲೂ ಉರಿಯುವುದು ಅದಕ್ಕೇ. ನಿಜವಾದ ಗಡ್ಡದ ಐರಿಸ್ಸನ್ನು ನೆಡುವ ಕ್ರಮ ಅದೇ. ಗಿಡ್ಡ ಜಾತಿಯದ್ದು 8ರಿಂದ 16 ಇಂಚು ಎತ್ತರ, ಅದೂ ಸರಿ. ಏನೂ ಗೊತ್ತಿಲ್ಲದವನು ಮಾಡಿದ ಕೆಲಸ ಅಲ್ಲ ಇದು. ಗೊತ್ತಿದ್ದೇ ಮಾಡಿದ್ದು.

ಫೋಟೋ ಕಳಿಸಿದ. ಬಿಳಿ ಹೂವು, ಕೆಳಗಿನ ಎಸಳಿನ ಮೇಲೆ ಹಸಿರು ಮಚ್ಚೆ. “ನಮ್ಮದೇ ತೋಟದ ಹೈಬ್ರಿಡ್ ಅಕ್ಕ, ಬೇರೆಲ್ಲೂ ಸಿಗುವುದಿಲ್ಲ” ಅಂದ. ಫೋಟೋದ ಮೂಲೆಯಲ್ಲಿ ಗಿಡದ ಬುಡಕ್ಕೆ ಚುಚ್ಚಿದ ಲೇಬಲ್ ಕಾಣ್ತಿತ್ತು, ‘ಗ್ರೀನ್ ಸ್ಪಾಟ್’ ಅಂತ. ಅದು ಅಮೆರಿಕದ ಪಾಲ್ ಕುಕ್ ಎನ್ನುವವರ ತಳಿ, 1951ರದ್ದು! ಎತ್ತರದ ಐರಿಸ್ಸನ್ನು ಐರಿಸ್ ಪ್ಯೂಮಿಲಾ ಎಂಬ ಕುಳ್ಳ ಜಾತಿಗೆ ಕೂಡಿಸಿ ಮಾಡಿದ್ದು. ಇವನ ತೋಟದ್ದಂತೆ, ಇವನ ಹೈಬ್ರಿಡ್ಡಂತೆ. ಕದ್ದ ಫೋಟೋದ ಲೇಬಲ್ಲನ್ನಾದರೂ ಕತ್ತರಿಸಿ ಹಾಕುವ ಮರ್ಯಾದೆ ಬೇಡವಾ?

ನಾಲ್ಕು ಬಣ್ಣ, ಬಣ್ಣಕ್ಕೊಂದು ಗೆಡ್ಡೆ, ಕೊರಿಯರ್ ಸೇರಿ 1,600. ಮನೆಗೆ ಬಂದ ಮೇಲೆ ದುಡ್ಡು ಕೊಡ್ತೇನೆ ಅಂದರೆ “ಲೈವ್ ಪ್ಲಾಂಟ್ ಅಕ್ಕ, ಸಿಒಡಿ ಇಲ್ಲ” ಅಂದ. ಜಿಪೇ ಮಾಡಿದೆ. ಆಮೇಲೆ ಅವನ ಬಾಯಲ್ಲಿ ಒಂದು ಸಲವೂ ‘ಅಕ್ಕ’ ಬರಲಿಲ್ಲ. ಎಲ್ಲ ‘ಮೇಡಂ’.

ಪಾರ್ಸೆಲ್ ಬಂದದ್ದು ಏಪ್ರಿಲ್‌ನಲ್ಲಿ. ಶುಂಠಿಯ ಹಾಗಿನ ಗೆಡ್ಡೆ, ಮೇಲೆ ಕತ್ತರಿಸಿದ ಎಲೆ, ನಿಜವಾದ ಐರಿಸ್ಸನ್ನೂ ಹಾಗೆಯೇ ಎಲೆ ಕತ್ತರಿಸಿ ಕಳಿಸುವುದು. ಮೈತುಂಬ ಬಿಳಿ ಪುಡಿ. ಬೂಸ್ಟು ಬಾರದ ಹಾಗೆ ಔಷಧಿ ಅಂತೆ. ಅದು ವಾಸನೆ ಮುಚ್ಚಲಿಕ್ಕೆ ಅಂತ ಈಗ ಅನಿಸ್ತದೆ.

ಅವನು ಹೇಳಿದ ಹಾಗೆಯೇ ನೆಟ್ಟೆ. ಬಿಸಿಲು, ಒಣ ಮಣ್ಣು, ಬೆನ್ನು ಹೊರಗೆ. ಎಲೆ ತುದಿ ಸುಟ್ಟು ಕಂದಾಯಿತು. ಫೋಟೋ ಕಳಿಸಿದೆ. “ಡಾರ್ಮೆನ್ಸಿ ಮೇಡಂ, ನಾರ್ಮಲ್.” ಗಿಡ ಮಲಗಿದೆ ಅಂತ ಅರ್ಥವಂತೆ. ಸರಿ ಅಂತ ಸುಮ್ಮನಾದೆ. ಜೂನ್‌ನಲ್ಲಿ ನಮ್ಮ ಮಳೆ ಹಿಡಿಯಿತು. ನಮ್ಮ ಮಳೆ ಅಂದರೆ ಗೊತ್ತುಂಟಲ್ಲ, ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ, ಅದರಲ್ಲಿ ಹೆಚ್ಚಿನದ್ದು ಈ ನಾಲ್ಕು ತಿಂಗಳಲ್ಲೇ. ಅಂಗಳ ಕೆರೆ ಆಯಿತು. ಇವು ಕೊಳೆತು ಹೋದವು ಅಂತಲೇ ಎಣಿಸಿದ್ದೆ.

ಕೊಳೆಯಲಿಲ್ಲ! ನೀರು ನಿಂತಷ್ಟೂ ಚಿಗುರಿದವು. ಮೊಣಕಾಲು ಮೀರಿ ಬೆಳೆದವು. ಒಂದಡಿ ಅಂದಿದ್ದ ಗಿಡ ಮೊಣಕಾಲು ಮೀರಿ! ಕೇಳಿದೆ. ಅವನ ಉತ್ತರ ಹಾಗೇ ಹಾಕ್ತೇನೆ: “ನೋಡಿದಿರಾ ಮೇಡಂ, ನಮ್ಮ ಕ್ವಾಲಿಟಿ. ಕರಾವಳಿ ಕ್ಲೈಮೇಟಿಗೆ ಸೆಟ್ ಆಗಿದೆ. ಫಸ್ಟ್ ಇಯರ್ ಎಲೆ, ಸೆಕೆಂಡ್ ಇಯರ್ ಹೂವು.” ಸೆಕೆಂಡ್ ಇಯರಿಗೆ ಇವನ ನಂಬರ್ ಇರ್ತದಾ?

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ದೊಡ್ಡಮ್ಮ ಬಂದಿದ್ದರು. ಜಗಲಿಯಲ್ಲಿ ಕೂತವರು “ಅದೆಂತ ಅಲ್ಲಿ, ಅಷ್ಟು ಹುಲುಸು?” ಅಂದರು. ಐರಿಸ್ ದೊಡ್ಡಮ್ಮ, ವಿದೇಶದ ಹೂವು, ಗೆಡ್ಡೆಗೆ ನಾನೂರು ಅಂದೆ. ಅವರು ಕೊಡೆ ಹಿಡಿದು ಇಳಿದು ಹೋದರು. ಒಂದು ಎಲೆ ಚಿವುಟಿ, ಬೆರಳಲ್ಲಿ ತಿಕ್ಕಿ ಮೂಸಿದರು. ಮತ್ತೆ ನನ್ನ ಮುಖ ನೋಡಿದರು.

“ಇದು ಬಜೆ ಅಲ್ವನೇ?”

ನಾನು ಅಲ್ಲ ಅಂದೆ. ವಾದ ಮಾಡಿದೆ. ಫೋನ್ ತಂದು ಬಿಳಿ ಹೂವಿನ ಫೋಟೋ ತೋರಿಸಿದೆ. ಅವರು ಎಂತದೂ ಹೇಳದೆ ಎಲೆಯನ್ನು ನನ್ನ ಮೂಗಿಗೆ ಹಿಡಿದರು. ಆ ವಾಸನೆ ಬಂದ ಕೂಡಲೇ ನನ್ನ ಬಾಯಿ ಕಟ್ಟಿತು. ಮಗಳ ಬಾಲ್ಯದ ಡಬ್ಬಿಯಲ್ಲಿ ಒಣಗಿದ ತುಂಡೊಂದು ಇನ್ನೂ ಉಂಟು, ತಂದು ಪಕ್ಕದಲ್ಲಿಟ್ಟು ಹಸಿ ಗೆಡ್ಡೆ ಕೊಯ್ದು ಮೂಸಿದೆ. ಅದೇ. ನಾಲ್ಕೂ ಅದೇ! ನಾಲ್ಕು ಬಣ್ಣದ ಬಜೆ! ದೊಡ್ಡಮ್ಮ ನಕ್ಕು ನಕ್ಕು ಜಗಲಿಯಲ್ಲೇ ಕೂತರು. “ನಾಟಿ ಮದ್ದು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಎಷ್ಟಕ್ಕೆ ಸಿಗ್ತದೆ ಗೊತ್ತುಂಟಾ ನಿನಗೆ?” ಸಂಜೆಯೊಳಗೆ ಅರ್ಧ ಕುಟುಂಬಕ್ಕೆ ಸುದ್ದಿ. ಈಗ ಯಾರ ಮನೆಗೆ ಹೋದರೂ “ನಿನ್ನ ಐರಿಸ್ ಒಂದು ತುಂಡು ಕೊಡು, ಮೊಮ್ಮಗುವಿಗೆ ತೇಯಲಿಕ್ಕೆ ಬೇಕಿತ್ತು” ಅಂತಾರೆ.

ಅವನಿಗೆ ಬರೆದೆ. ಉತ್ತರಗಳು ಇವು, ಬಂದ ಕ್ರಮದಲ್ಲೇ:

“ವಾಸನೆ ಕೋಕೋಪೀಟಿನದ್ದು ಮೇಡಂ.”

ನಾನು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಾಕಲೇ ಇಲ್ಲ.

“ಕ್ಲೈಮೇಟ್ ಚೇಂಜ್ ಆದ್ರೆ ಎಲೆ ಚೇಂಜ್ ಆಗ್ತದೆ.”

“ಅನ್‌ಬಾಕ್ಸಿಂಗ್ ವಿಡಿಯೋ ಇದೆಯಾ? ಇಲ್ಲದಿದ್ದರೆ ರೀಫಂಡ್ ಇಲ್ಲ.”

ಅಲ್ಲ, ಗೆಡ್ಡೆ ಐರಿಸ್ಸಾ ಬಜೆಯಾ ಅಂತ ಡಬ್ಬ ಬಿಚ್ಚುವ ವಿಡಿಯೋದಲ್ಲಿ ಕಾಣ್ತದಾ?

ಕೊನೆಯದ್ದು ಇದು: “ಬಜೆಯೂ ಔಷಧಿ ಗಿಡವೇ ಅಲ್ವಾ ಮೇಡಂ, ನಿಮಗೆ ಲಾಸ್ ಏನಿಲ್ಲ.” ಮತ್ತೆ ಬ್ಲಾಕ್. ಲಾಸ್ ಏನಿಲ್ಲವಂತೆ!

ಗ್ರೂಪಿನಲ್ಲಿ ಹಾಕಿದರೆ ಅಡ್ಮಿನ್ “ನೆಗೆಟಿವ್ ಪೋಸ್ಟ್ ಬೇಡ” ಅಂತ ಅಳಿಸಿದರು. ಅಷ್ಟರೊಳಗೆ ನೋಡಿದ ಸುರತ್ಕಲ್‌ನ ಒಬ್ಬರು ಪರ್ಸನಲ್ಲಿಗೆ ಬಂದರು. ಅವರಿಗೂ ಇವನದ್ದೇ ಪಾರ್ಸೆಲ್, ಅವರದ್ದು ‘ವಾಕಿಂಗ್ ಐರಿಸ್’. ಎಲೆ ಬೀಸಣಿಗೆಯ ಹಾಗೆ, ಹಳದಿ ಹೂವು, ಒಂದು ದಿನಕ್ಕೆ ಬಾಡ್ತದೆ. ಹೆಸರು ಮಾತ್ರ ಐರಿಸ್, ಜಾತಿ ಬೇರೆ. ಅವರಿಗೆ ಹೂವಾದರೂ ಬಂತು.

ಇನ್ನೊಂದು ಮಾತು. ಅವನು ಅಪ್ಪಟ ಐರಿಸ್ಸನ್ನೇ ಕಳಿಸಿದ್ದರೂ ಇಲ್ಲಿ ನನಗೆ ಹೂವು ಸಿಗ್ತಿರಲಿಲ್ಲ. ಈ ಗಿಡ್ಡ ಐರಿಸ್ಸಿನ ಪೂರ್ವಜ ಪ್ಯೂಮಿಲಾದ ಮೂಲ ಪೂರ್ವ ಯುರೋಪು, ಉಕ್ರೇನ್, ರಷ್ಯಾ ಕಡೆಯ ಹುಲ್ಲುಗಾಡು. ಅಲ್ಲಿ ಚಳಿಗಾಲ ಕೊರೆಯುತ್ತದೆ, ಬೇಸಿಗೆ ಒಣಗುತ್ತದೆ. ಆ ಚಳಿ ವಾರಗಟ್ಟಲೆ ತಾಗದೆ ಮೊಗ್ಗು ಕಟ್ಟುವುದಿಲ್ಲ. ನಮ್ಮಲ್ಲಿ ಜನವರಿಯ ಬೆಳಿಗ್ಗೆಯೂ ಇಪ್ಪತ್ತು ಡಿಗ್ರಿಯ ಆಸುಪಾಸು, ಶಾಲು ಹೊದ್ದರೆ ಸೆಕೆ. ಮತ್ತೆ ಅದು ಒಣಗಿ ಮಲಗಬೇಕಾದ ಜುಲೈಯಲ್ಲಿ ನಾವು ಕೊಡೆ ಬಿಚ್ಚಿರ್ತೇವೆ. ಗೆಡ್ಡೆಗೆ ಬ್ಯಾಕ್ಟೀರಿಯಾ ಹಿಡಿದು ಮೆತ್ತಗೆ ಗಬ್ಬು ನಾರಿ ಕರಗಿ ಹೋಗ್ತದೆ. ಮುರಕಲ್ಲಿನ ಮಣ್ಣು ಹುಳಿ ಬೇರೆ. ‘ಬಿಸಿಲು, ಒಣ ಜಾಗ’ ಅಂತ ಅರ್ಧ ಸತ್ಯ ಹೇಳಿ ಚಳಿಯ ಮಾತನ್ನೇ ಎತ್ತಲಿಲ್ಲ ಅವನು. ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನದಲ್ಲಿ ನಾನಂತೂ ಈ ಹೂವನ್ನು ಒಮ್ಮೆಯೂ ಕಂಡಿಲ್ಲ, ಅವರಿಗೇ ಆಗದ್ದು ಇವನ ತೋಟದಲ್ಲಿ ಹೈಬ್ರಿಡ್ ಆಗ್ತದಾ?

ಆಗಲೇ ತಗೊಂಡವರು ಈಗಲೇ ಎಲೆ ತಿಕ್ಕಿ ಮೂಸಿ. ಬಜೆಯ ಎಲೆ ಘಮ್ ಅಂತದೆ, ನಡುನರ ಒಂದು ಬದಿಗೆ ಸರಿದಿರ್ತದೆ, ಅಂಚು ಅಲ್ಲಲ್ಲಿ ನೆರಿಗೆ. ಐರಿಸ್ ಎಲೆ ಬೂದಿ ಬಳಿದ ಹಾಗಿನ ಹಸಿರು, ನಡುನರ ಎದ್ದು ಕಾಣುವುದಿಲ್ಲ, ಅಂಥ ಘಮವೂ ಇಲ್ಲ. ಅದೇ ಚಂದದ ಕತ್ತಿಯೆಲೆಯ ಗಿಡ ಬೇಕೇ ಬೇಕಾದರೆ ಕೇಸರಿ ಹೂವಿಗೆ ಕೆಂಪು ಚುಕ್ಕೆಯ ಬೆಲಮ್‌ಕಾಂಡ ಹುಡುಕಿ, 2005ರಲ್ಲಿ ಅದನ್ನೂ ಐರಿಸ್ ಕುಲಕ್ಕೇ ಸೇರಿಸಿದ್ದಾರೆ, ಸೆಕೆ ತಡೆಯುತ್ತದೆ. ಆದರೆ ಹೂವಿರುವ ಗಿಡವನ್ನು ಕಣ್ಣಾರೆ ನೋಡಿ ನರ್ಸರಿಯಿಂದ ತನ್ನಿ. ಮುಂಗಡ ಜಿಪೇ ಕೇಳುವವನಿಗೆ ಹತ್ತು ಪೈಸೆ ಕೊಡಬೇಡಿ, ‘ಅಕ್ಕ’ ಅಂದರೂ ಕೊಡಬೇಡಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ, ಜಿಪೇ ರಸೀದಿ, ಚಾಟ್ ಎಲ್ಲ ಇಟ್ಟಿದ್ದೇನೆ. ನಿನ್ನೆ ತಂಗಿಯ ಫೋನಿನಲ್ಲಿ ಅವನ ಸ್ಟೇಟಸ್ ನೋಡಿದೆ: “ಟುಲಿಪ್, ಕರಾವಳಿ ಸ್ಪೆಷಲ್, ಬುಕಿಂಗ್ ಓಪನ್.” ಯಾರೂ ಬುಕ್ ಮಾಡಬೇಡಿ. ಈಗಾಗಲೇ ಮೋಸ ಹೋದವರು ನಾಚಿಕೆ ಪಟ್ಟು ಕೂರದೆ ಎಲೆಯ ಫೋಟೋ, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ನನಗೆ ಕಳಿಸಿ, ಎಲ್ಲ ಒಟ್ಟಿಗೆ ದೂರು ಕೊಡುವ.