ಅಳತೆ ಕೊಟ್ಟು ಮಾಡಿಸಿದ ಕಂಪ್ರೆಷನ್ ಸ್ಲೀವ್: ಬಳಸಿ ನೋಡಿದ ಮೇಲೆ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದ ಬಳಿಕ ನನ್ನ ಬಲಗೈಗೆ ದುಗ್ಧರಸ (ಲಿಂಫ್) ಸರಿಯಾಗಿ ಹರಿಯದೆ ಬರುವ ಬಾವು, ಅಂದರೆ ಲಿಂಫೆಡೀಮಾ, ಅಂಟಿಕೊಂಡಿದೆ. ಮೊದಲು ಮಂಗಳೂರಿನ ಅಂಗಡಿಯೊಂದರಲ್ಲಿ ಸಿಕ್ಕ ರೆಡಿಮೇಡ್ ಕಂಪ್ರೆಷನ್ ಸ್ಲೀವ್, ಅಂದರೆ ಕೈಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ತೋಳುಚೀಲ, ಹಾಕುತ್ತಿದ್ದೆ. ಈಗ ಅಳತೆ ಕೊಟ್ಟು ಮಾಡಿಸಿದ, ಚಪ್ಪಟೆ ಹೆಣಿಗೆಯ ಸ್ಲೀವ್ ಹಾಕುತ್ತಿದ್ದೇನೆ. ಬೆಲೆ ಹೆಚ್ಚಾದರೂ ಎರಡನೆಯದೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಅಂಗಡಿಯವರು ಟೇಪನ್ನು ಮುಟ್ಟದೆ, ಕೈಯನ್ನೊಮ್ಮೆ ನೋಡಿ, 'ಮೀಡಿಯಂ ಸಾಕು' ಎಂದು ಪೊಟ್ಟಣ ಕೊಟ್ಟಿದ್ದರು. ಆ ಸ್ಲೀವ್ ಕೊಳವೆಯಂತೆ ಸುತ್ತು ಹೆಣಿಗೆಯದು. ಉದ್ದಕ್ಕೂ ಹೆಣಿಗೆಯ ಕುಣಿಕೆಗಳ ಸಂಖ್ಯೆ ಒಂದೇ ಇರುವುದರಿಂದ, ಮಣಿಕಟ್ಟಿಗಿಂತ ಮೊಣಕೈ ಕೆಳಗಿನ ಭಾಗ ಬಹಳ ದಪ್ಪವಾಗಿರುವ ಕೈಗೆ ಅದು ಸರಿಯಾಗಿ ಕೂರಲಿಲ್ಲ. ಮೊಣಕೈ ಮಡಿಕೆಯಲ್ಲಿ ಮುದುರಿ ದಾರ ಬಿಗಿದಂತೆ ಗೆರೆ ಬೀಳುತ್ತಿತ್ತು, ಸಂಜೆಯ ಹೊತ್ತಿಗೆ ಅಂಗೈಯ ಹಿಂಭಾಗ ಉಬ್ಬಿ ಬೆರಳಿನ ಗೆಣ್ಣುಗಳೇ ಕಾಣಿಸುತ್ತಿರಲಿಲ್ಲ. ಚಪ್ಪಟೆ ಹೆಣಿಗೆಯಲ್ಲಿ ಕೈಯ ಆಕಾರಕ್ಕೆ ತಕ್ಕಂತೆ ಕುಣಿಕೆಗಳನ್ನು ಕೂಡಿಸಿ, ಕಳೆದು, ಕೊನೆಗೆ ಒಂದು ಬದಿಯಲ್ಲಿ ಹೊಲಿದು ಜೋಡಿಸುತ್ತಾರೆ. ಬಟ್ಟೆ ಗಡುಸು, ನೋಡಲು ಒರಟು, ಆದರೆ ಮಡಿಕೆಗಳೊಳಗೆ ಕಚ್ಚುವುದಿಲ್ಲ. ಜೊತೆಗೆ ಕೈಗವಸನ್ನೂ ಮಾಡಿಸಿಕೊಂಡಿದ್ದರಿಂದ ಅಂಗೈಯ ಬಾವು ಹಿಡಿತಕ್ಕೆ ಬಂದಿದೆ.

ಸ್ಲೀವ್ ಬಾವನ್ನು ಇಳಿಸುವ ಸಾಧನವಲ್ಲ, ಇಳಿದದ್ದನ್ನು ಉಳಿಸುವ ಸಾಧನ. ಮೊದಲು ಹೆಚ್ಚು ಹಿಗ್ಗದ ಬ್ಯಾಂಡೇಜು, ದುಗ್ಧರಸವನ್ನು ಹರಿಯಗೊಡುವ ಹಗುರ ಮಸಾಜು, ವ್ಯಾಯಾಮ ಮತ್ತು ಚರ್ಮದ ಆರೈಕೆಯಿಂದ ಕೈ ಇಳಿದು ಒಂದು ಮಟ್ಟದಲ್ಲಿ ನಿಲ್ಲಬೇಕು. ಅಳತೆ ತೆಗೆಯಬೇಕಾದದ್ದು ಆಮೇಲೆ, ಅದೂ ಬ್ಯಾಂಡೇಜು ಬಿಚ್ಚಿದ ಕೂಡಲೇ ಅಥವಾ ಬೆಳಗ್ಗೆ. ಊದಿದ ಕೈಗೆ ಹೊಲಿಸಿದ ಸ್ಲೀವ್ ಊದಿದ ಗಾತ್ರವನ್ನೇ ಕಾಪಾಡುತ್ತದೆ. ಒತ್ತಡದ ದರ್ಜೆಯನ್ನು ವೈದ್ಯರೋ ಫಿಸಿಯೋಥೆರಪಿಸ್ಟರೋ ಹೇಳಬೇಕು: ಜರ್ಮನ್ ಮಾನಕದ ಎರಡನೆಯ ದರ್ಜೆ ಎಂದರೆ 23ರಿಂದ 32 ಮಿಲಿಮೀಟರ್ ಪಾದರಸದಷ್ಟು ಒತ್ತಡ, ಮೊದಲನೆಯದು ಅದಕ್ಕಿಂತ ಕಡಿಮೆ. ಪೊಟ್ಟಣದ ಮೇಲೆ ಬರೀ 'ಸ್ಟ್ರಾಂಗ್' ಎಂದಿದ್ದರೆ ಕೊಳ್ಳಬೇಡಿ.

ತೊಂದರೆಗಳೂ ಇವೆ. ಹಾಕಿಕೊಳ್ಳುವುದೇ ಒಂದು ಕಸರತ್ತು; ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಧರಿಸಿ, ಮೇಲಂಚನ್ನು ಹಿಡಿದು ಎಳೆಯದೆ, ಬಟ್ಟೆಯನ್ನು ಅಂಗೈಯಿಂದ ಸವರುತ್ತ ಸ್ವಲ್ಪ ಸ್ವಲ್ಪವೇ ಮೇಲೇರಿಸಬೇಕು. ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಒಳಗೆಲ್ಲ ಬೆವರು. ದಿನವೂ ಸೌಮ್ಯ ಸೋಪಿನಲ್ಲಿ ಒಗೆದು, ಹಿಂಡದೆ, ನೆರಳಿನಲ್ಲಿ ಒಣಗಿಸಬೇಕಾದ್ದರಿಂದ ಒಂದೇ ಸ್ಲೀವ್ ಸಾಲದು, ಮಳೆಗಾಲದಲ್ಲಂತೂ ಎರಡು ಇರಲೇಬೇಕು. ಹಿಗ್ಗುವ ಗುಣ ಸವೆಯುವುದರಿಂದ ಸುಮಾರು ಆರು ತಿಂಗಳಿಗೆ ಹೊಸದು ಬೇಕಾಗುತ್ತದೆ. ಖರ್ಚಿನ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು.

ಕೈ ಏಕಾಏಕಿ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು. ಸ್ಲೀವ್ ಕಳಚಿ, ಅಂದೇ ವೈದ್ಯರ ಬಳಿ ಹೋಗಬೇಕು.

ನನ್ನ ಸ್ಲೀವಿನ ಮೇಲಂಚಿನಲ್ಲಿ ಜಾರದಂತೆ ತಡೆಯುವ ಸಿಲಿಕೋನ್ ಪಟ್ಟಿಯಿದೆ, ಬೆವರಿಗೆ ಅದರಡಿಯ ಚರ್ಮ ತುರಿಸುತ್ತದೆ. ಎರಡನೆಯದನ್ನು ಪಟ್ಟಿಯಿಲ್ಲದೆ, ಓರೆಯಾಗಿ ಏರಿದ ಮೇಲಂಚಿನೊಂದಿಗೆ ಮಾಡಿಕೊಡಲು ಹೇಳಿದ್ದೇನೆ.