ಬ್ಯಾಟರಿ ಬದಲಿಸುವ ಮೊದಲು ಅರ್ಥ್ ನೋಡಿಸಿ: ಗೋಣಿಕೊಪ್ಪದ ಬೋರ್ಡಿಲ್ಲದ ಅಂಗಡಿ

ಗೋಣಿಕೊಪ್ಪದಿಂದ ವಿರಾಜಪೇಟೆ ಕಡೆ ಹೊರಟರೆ ತಗಡಿನ ಶೆಡ್ಡಿನಲ್ಲಿ ಒಂದು ಸಣ್ಣ ಅಂಗಡಿ ಇದೆ, ಬೋರ್ಡು ಕೂಡ ಇಲ್ಲ. ಕಾರಿನ ವೈರಿಂಗ್ ಕೆಲಸ ಮಾತ್ರ ಮಾಡುತ್ತಾರೆ.

ನಮ್ಮದು 16 ವರ್ಷದ ಪೆಟ್ರೋಲ್ ಕಾರು. ಮಳೆಗಾಲ ಪೂರ್ತಿ ತೋಟದ ಶೆಡ್ಡಿನ ತೇವದಲ್ಲೇ ನಿಂತಿರುತ್ತದೆ. ಜುಲೈನಲ್ಲಿ ಸೆಲ್ಫ್ ಹೊಡೆದರೆ ಎಂಜಿನ್ ಎಳೆದು ಎಳೆದು ತಿರುಗುತ್ತಿತ್ತು, ಇಂಡಿಕೇಟರ್ ಹಾಕಿದರೆ ಹಿಂದಿನ ಬ್ರೇಕ್ ಲೈಟೂ ಜತೆಗೆ ಮಿಣುಕುತ್ತಿತ್ತು. ಬೇರೆ ಕಡೆ ಹೊಸ ಬ್ಯಾಟರಿ ಹಾಕಿಸಿದೆ. ಎರಡು ವಾರಕ್ಕೆ ಮತ್ತೆ ಅದೇ ಕತೆ. ಅಮ್ಮನನ್ನು ಕೂರಿಸಿಕೊಂಡು ಮಂಜು ಮುಸುಕಿದ ಸಂಪಾಜೆ ಘಾಟಿಯನ್ನು ಆ ಹಳದಿ ಹೆಡ್‌ಲೈಟಿನಲ್ಲಿ ಇಳಿದ ರಾತ್ರಿ ನಿಜಕ್ಕೂ ಹೆದರಿದ್ದೆ.

ಇಲ್ಲಿನ ಅಣ್ಣ ಮೊದಲು ಮೀಟರ್ ತಂದರು. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಲೋಹಕ್ಕೆ ಒತ್ತಿ ಹಿಡಿದು "ಸೆಲ್ಫ್ ಹೊಡೀರಿ ಸರ್" ಅಂದರು. 1.4 ವೋಲ್ಟ್ ತೋರಿಸಿತು. ಅರ್ಥ್, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಾರಿ, ಚೆನ್ನಾಗಿದ್ದರೆ ಅಲ್ಲಿ 0.2ರ ಆಸುಪಾಸು ಇರಬೇಕಂತೆ. ಎಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ ಅಲ್ವಾ, ಹಾಗಾಗಿ ಸೆಲ್ಫ್ ಮೋಟಾರ್ ಎಳೆಯುವ 100 ಆಂಪಿಯರ್‌ಗೂ ಜಾಸ್ತಿ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಬೇಕಾದದ್ದು ಅರ್ಥ್ ಪಟ್ಟಿಯಲ್ಲೇ. ಜಾಯಿಂಟಿನಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗ ತಡೆ ಇದ್ದರೂ ಸಾಕು, 140 ಆಂಪಿಯರ್ ಹರಿಯುವಾಗ 1.4 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ.

ಬೋಲ್ಟ್ ಬಿಚ್ಚಿ ನನ್ನನ್ನೇ ಕರೆದು ತೋರಿಸಿದರು. ಲಗ್ (ಬೋಲ್ಟ್ ಕೂರುವ, ಪಟ್ಟಿಯ ತುದಿಯ ಲೋಹದ ಬಳೆ) ಅಡಿಯಲ್ಲಿ ಕಂದು ತುಕ್ಕಿನ ಪುಡಿ, ಹೆಣೆದ ತಾಮ್ರದ ಪಟ್ಟಿ ಪಾಚಿ ಕಟ್ಟಿದ ಹಾಗೆ ಹಸಿರು. ಬೆರಳಲ್ಲಿ ಉಜ್ಜಿದೆ, ಎಳೆಗಳು ಉದುರಿ ಕೈಗೇ ಬಂದವು.

ಮೈನಸ್ ಟರ್ಮಿನಲ್ ಮೊದಲೇ ಕಳಚಿಟ್ಟಿದ್ದರು. ಬಾಡಿಯ ಪೇಂಟ್ ಕೆರೆದು ಲೋಹ ಹೊಳೆಯುವ ತನಕ ಎಮ್ರಿ ಪೇಪರ್ ತಿಕ್ಕಿದರು. ಗೇರ್‌ಬಾಕ್ಸಿಗೂ ಬಾಡಿಗೂ 25 ಚದರ ಮಿಲಿಮೀಟರಿನ ದಪ್ಪ ಕೇಬಲ್ ಹಾಕಿದರು. ಲಗ್ಗನ್ನು ಸುತ್ತಿಗೆಯಲ್ಲಿ ಬಡಿಯದೆ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿದ್ದು ನನಗೆ ತುಂಬಾ ಇಷ್ಟವಾಯಿತು. ಹಲ್ಲಿನ ವಾಷರ್ ಕೂರಿಸಿ ಬಿಗಿ ಮಾಡಿ, ಆಮೇಲೆ ನೀರು ಇಳಿಯದ ಹಾಗೆ ಮೇಲೆ ವ್ಯಾಸಲಿನ್. ಹಿಂದಿನ ಲೈಟಿನ ಅರ್ಥ್ ಸ್ಕ್ರೂ ಕೂಡ ಹಾಗೇ ಶುಚಿ ಮಾಡಿದರು.

ಮತ್ತೆ ಮೀಟರ್ ಹಿಡಿದರೆ 0.1. ಸೆಲ್ಫ್ ಒಂದೇ ಸಲಕ್ಕೆ ಹಿಡಿಯಿತು! ಹೆಡ್‌ಲೈಟ್ ಈಗ ಬೆಳ್ಳಗಿದೆ, ಬ್ರೇಕ್ ಲೈಟ್ ಮಿಣುಕುವುದೂ ನಿಂತಿದೆ.

ಎಲ್ಲಾ ಸೇರಿ 1,100 ರೂಪಾಯಿ, ಎರಡೂವರೆ ಗಂಟೆಯ ಕೆಲಸ. ಒಬ್ಬರೇ ಇರುವುದರಿಂದ ಕಾಯಬೇಕಾಗುತ್ತದೆ. ನಾನು ಬೆಳಿಗ್ಗೆ ಹೋದವನು ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂತಿದ್ದೆ. ಬಿಲ್ ಬೇಕಿದ್ದರೆ ಕೇಳಿ ಬರೆಸಿಕೊಳ್ಳಿ. ಹೊರಡುವಾಗ, ಮಳೆ ಕಡಿಮೆಯಾಗಿ ಕೈಲ್ ಪೊಳ್ದ್ (ಸೆಪ್ಟೆಂಬರಿನ ಕೊಡವ ಹಬ್ಬ) ಹೊತ್ತಿಗೆ ಇನ್ನೊಮ್ಮೆ ತನ್ನಿ, ಬೋಲ್ಟ್ ಬಿಗಿ ಇದೆಯಾ ನೋಡಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ ಅಂದರು.